ನಾರ್ವೆಯ ಕರಾವಳಿ ಹಡಗು: ಬರ್ಗೆನ್‌ನಿಂದ ಕಿರ್ಕೆನೆಸ್‌ಗೆ ಹೋಗಿಬರುವವರಿಗೆ ಮಾರ್ಗದರ್ಶಿ

ಯಾವ ತಿಂಗಳಲ್ಲಿ ಹೋಗಬೇಕು? ಸಸ್ಯಾಹಾರ ಸಿಗುತ್ತದೆಯೇ? ಟ್ರೊಮ್ಸೊದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ? ಕಿಟಕಿ ಇರುವ ಕ್ಯಾಬಿನ್ನೇ ಬೇಕೇ? ನಾರ್ವೆಯ ಕರಾವಳಿ ಹಡಗಿನ ಬಗ್ಗೆ ಓದುಗರು ಕೇಳುವುದು ಹೆಚ್ಚುಕಡಿಮೆ ಇವಿಷ್ಟನ್ನೇ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಮೊದಲು ಒಂದು ಮಾತು ಮನಸ್ಸಿಗೆ ಬರಲಿ. ಇದು ಕ್ರೂಸ್ ಅಲ್ಲ. ಈಜುಕೊಳ, ಕ್ಯಾಸಿನೊ, ರಾತ್ರಿಯ ನೃತ್ಯ ಪ್ರದರ್ಶನ ಯಾವುದೂ ಇಲ್ಲಿಲ್ಲ. ನಮ್ಮೂರಿನ ಕೆಂಪು ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತು, ಜನರನ್ನೂ ಮೂಟೆಗಳನ್ನೂ ಇಳಿಸಿ ಹತ್ತಿಸಿಕೊಂಡು ಹೋಗುತ್ತದಲ್ಲ, ಈ ಹಡಗೂ ಹಾಗೆಯೇ. ಬರ್ಗೆನ್‌ನಿಂದ ರಷ್ಯಾದ ಗಡಿಯ ಹತ್ತಿರದ ಕಿರ್ಕೆನೆಸ್‌ವರೆಗೆ 34 ಬಂದರುಗಳು. 1893ರ ಜುಲೈ 2ರಂದು ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ 'ವೆಸ್ಟರೋಲೆನ್' ಹಡಗನ್ನು ಟ್ರಾಂಡ್‌ಹೈಮ್‌ನಿಂದ ಹ್ಯಾಮರ್‌ಫೆಸ್ಟ್ ಕಡೆಗೆ ಹೊರಡಿಸಿದಾಗ ಈ ಸೇವೆ ಶುರುವಾಯಿತು. ಅದಕ್ಕೆ ಮೊದಲು ಚಳಿಗಾಲದಲ್ಲಿ ಹ್ಯಾಮರ್‌ಫೆಸ್ಟ್‌ಗೆ ಒಂದು ಕಾಗದ ತಲುಪಲು ಐದು ತಿಂಗಳವರೆಗೂ ಹಿಡಿಯುತ್ತಿತ್ತಂತೆ. ಇವತ್ತಿಗೂ ಸರಕಾರದ ಗುತ್ತಿಗೆಯ ಮೇಲೆಯೇ ಹಡಗುಗಳು ಓಡುತ್ತವೆ. ವೇಳಾಪಟ್ಟಿ ನಿಮ್ಮ ಪ್ರವಾಸಕ್ಕಾಗಿ ಮಾಡಿದ್ದಲ್ಲ, ಆ ಊರುಗಳಿಗಾಗಿ ಮಾಡಿದ್ದು. ಈ ಪ್ರವಾಸದಲ್ಲಿ ನಿರಾಸೆಗೊಂಡು ಬಂದವರಲ್ಲಿ ಹೆಚ್ಚಿನವರು ಇದನ್ನು ತಿಳಿಯದೆ ಹೋದವರು.

1. ವೇಳಾಪಟ್ಟಿಯನ್ನು ಓದುವುದು ಕಲಿಯಿರಿ

ಟಿಕೆಟ್ ಕೊಳ್ಳುವುದಕ್ಕೂ ಮೊದಲಿನ ಕೆಲಸ ಇದು. 2021ರಿಂದ ಈ ಮಾರ್ಗವನ್ನು ಎರಡು ಕಂಪನಿಗಳು ಹಂಚಿಕೊಂಡಿವೆ: ಹುರ್ಟಿಗ್ರೂಟೆನ್‌ನ 7 ಹಡಗುಗಳು, ಹವೀಲಾದ 4 ಹಡಗುಗಳು. ಹೋಗಿಬರಲು 12 ದಿನ, 11 ರಾತ್ರಿ. ಹನ್ನೊಂದು ಹಡಗುಗಳು ಸರದಿಯಲ್ಲಿ ಓಡುವುದರಿಂದ ಬರ್ಗೆನ್‌ನಿಂದ ದಿನಕ್ಕೊಂದು ಹಡಗು ಹೊರಡುತ್ತದೆ. ದಾರಿ ಒಂದೇ, ಬಂದರುಗಳೂ ಅವೇ. ಹವೀಲಾದ ಹಡಗುಗಳು ಹೊಸವು. ಅವುಗಳಲ್ಲಿ ದೊಡ್ಡ ಬ್ಯಾಟರಿಗಳಿದ್ದು, ಸುಮಾರು ನಾಲ್ಕು ಗಂಟೆ ಎಂಜಿನ್ ಸದ್ದಿಲ್ಲದೆ ಸಾಗಬಲ್ಲವು. ಹುರ್ಟಿಗ್ರೂಟೆನ್‌ಗೆ ಹಳೆಯ ಹಡಗುಗಳ ಸೊಗಸಿದೆ. ನೋಡುವ ಜಾಗಗಳಲ್ಲಿ ವ್ಯತ್ಯಾಸವಿಲ್ಲವಾದ್ದರಿಂದ, ನಿಮ್ಮ ದಿನಾಂಕಕ್ಕೆ ಯಾವುದು ಹೊಂದುತ್ತದೋ ಅದನ್ನೇ ಹಿಡಿಯಿರಿ.

ವೇಳಾಪಟ್ಟಿಯಲ್ಲಿ ಎರಡು ಕಾಲಂ ಇರುತ್ತವೆ: ಉತ್ತರಕ್ಕೆ ಹೋಗುವಾಗ, ದಕ್ಷಿಣಕ್ಕೆ ಮರಳುವಾಗ. ಹೋಗುವಾಗ ರಾತ್ರಿ ದಾಟಿದ ಬಂದರಿಗೆ ಬರುವಾಗ ಹಗಲಲ್ಲಿ ಹೋಗುವಂತೆ ಇದನ್ನು ಜೋಡಿಸಿದ್ದಾರೆ. ಉದಾಹರಣೆಗೆ ವಾರ್ಡೊ. ಹೋಗುವಾಗ ಅದು ಬರುವುದು ನಸುಕಿನ ಮೂರರ ಸುಮಾರಿಗೆ. ನಿದ್ದೆಗೆಟ್ಟು ಇಳಿದರೂ ಕಾಣುವುದು ಧಕ್ಕೆಯ ದೀಪಗಳು ಮಾತ್ರ. ಮರಳುವಾಗ ಮಧ್ಯಾಹ್ನದ ನಂತರ ಸುಮಾರು ಒಂದು ಗಂಟೆ ಸಿಗುತ್ತದೆ. ನಕ್ಷತ್ರದಾಕಾರದ ಪುಟ್ಟ ಕೋಟೆಯನ್ನು ನಡೆದೇ ನೋಡಿ ಬರಬಹುದು. ವಾಡ್ಸೊದಂಥ ಊರಿಗೆ ಒಂದೇ ದಿಕ್ಕಿನಲ್ಲಿ ನಿಲುಗಡೆ. ನೀವು ನೋಡಬೇಕೆಂದಿರುವ ಊರುಗಳ ಮುಂದೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ನಿಲ್ಲುವ ಅವಧಿ ಬರೆದುಕೊಳ್ಳಿ. ಎಷ್ಟೋ ಕಡೆ ಅದು 15 ನಿಮಿಷ ಮಾತ್ರ.

ಹೆಸರು ಓದುವಾಗ ಒಂದು ಸಹಾಯ: 'ಎ' ಅಕ್ಷರದ ನೆತ್ತಿಯ ಮೇಲೆ ಪುಟ್ಟ ಸೊನ್ನೆ ಕಂಡರೆ ಅದನ್ನು 'ಓ' ಎಂದು ಓದಿ. ನಾವು 'ಆಲೆಸುಂಡ್' ಎಂದುಕೊಳ್ಳುವ ಊರು ಅವರ ಬಾಯಲ್ಲಿ 'ಓಲೆಸುನ್'. ಕಿರ್ಕೆನೆಸ್ ಕೂಡ ಹಡಗಿನ ಧ್ವನಿವರ್ಧಕದಲ್ಲಿ 'ಶಿರ್ಕೆನೆಸ್' ಎಂಬಂತೆ ಕೇಳುತ್ತದೆ. ಇದು ಗೊತ್ತಿರದಿದ್ದರೆ ಇಳಿಯಬೇಕಾದ ಊರಿನ ಘೋಷಣೆ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ.

2. ಏನು ನೋಡಬೇಕೆಂದು ನಿರ್ಧರಿಸಿ, ಆಮೇಲೆ ತಿಂಗಳು

ಮಧ್ಯರಾತ್ರಿಯ ಸೂರ್ಯ ಮತ್ತು ಅರೋರಾ, ಅಂದರೆ ಉತ್ತರದ ಬೆಳಕು, ಒಂದೇ ಪ್ರವಾಸದಲ್ಲಿ ಸಿಗುವುದಿಲ್ಲ. ಎರಡನ್ನೂ ಆಸೆಪಟ್ಟು ಜೂನ್‌ನಲ್ಲಿ ಬುಕ್ ಮಾಡಿದವರನ್ನು ಕಂಡಿದ್ದೇನೆ. ಸೂರ್ಯ ಮುಳುಗದ ಆಕಾಶದಲ್ಲಿ ಅರೋರಾ ಕಾಣುವುದಾದರೂ ಹೇಗೆ?

ಮಧ್ಯರಾತ್ರಿಯ ಸೂರ್ಯನಿಗೆ: ನಾರ್ತ್ ಕೇಪ್‌ನಲ್ಲಿ ಸರಿಸುಮಾರು ಮೇ 14ರಿಂದ ಜುಲೈ 29, ಟ್ರೊಮ್ಸೊದಲ್ಲಿ ಮೇ 20ರಿಂದ ಜುಲೈ 22. ಜೂನ್‌ನಿಂದ ಆಗಸ್ಟ್‌ವರೆಗೆ ಹಡಗು ಗೈರಾಂಗರ್ ಫ್ಯೋರ್ಡ್ ಒಳಕ್ಕೂ ಹೋಗುತ್ತದೆ. ಫ್ಯೋರ್ಡ್ ಎಂದರೆ ಹಿಮನದಿ ಕೊರೆದ ಆಳ ಕಣಿವೆಗೆ ಕಡಲು ನುಗ್ಗಿ ಆದ ಉದ್ದನೆಯ ಕೊಲ್ಲಿ. ಎರಡೂ ಬದಿ ಬೆಟ್ಟದ ಗೋಡೆ, ನಡುವೆ ನೀರು.

ಅರೋರಾಗೆ: ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ. ಈ ಅವಧಿಯಲ್ಲಿ ಫೆಬ್ರವರಿ ನಡುವಿನಿಂದ ಮಾರ್ಚ್‌ವರೆಗಿನ ವಾರಗಳೇ ಒಳ್ಳೆಯವೆಂಬುದು ನನ್ನ ದೃಢ ಅಭಿಪ್ರಾಯ. ಬೆಟ್ಟಗಳ ಮೇಲೆ ಹಿಮವಿರುತ್ತದೆ, ರಾತ್ರಿ ಕತ್ತಲಿರುತ್ತದೆ, ಹಗಲೂ ಸಾಕಷ್ಟಿರುತ್ತದೆ. ಡಿಸೆಂಬರ್‌ನ ಟಿಕೆಟ್ ಅಗ್ಗವೆಂದು ಕಂಡು ಮರುಳಾಗಬೇಡಿ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಟ್ರೊಮ್ಸೊದಲ್ಲಿ ಸೂರ್ಯ ಮೇಲೇಳುವುದೇ ಇಲ್ಲ. ನಡುಹಗಲಲ್ಲಿ ಕೆಲವು ಗಂಟೆ ನೀಲಿ ಮಬ್ಬು ಇರುತ್ತದೆ, ಅದೂ ಚೆಲುವೇ. ಆದರೆ ದಂಡೆಯ ಬೆಟ್ಟಗಳನ್ನು ನೋಡಬೇಕೆಂದು ಹೊರಟವರಿಗೆ ದಾರಿಯ ಬಹುಪಾಲು ಕತ್ತಲಲ್ಲೇ ಕಳೆಯುತ್ತದೆ.

3. ಪೂರ್ತಿಯೋ, ಅರ್ಧವೋ

ರಜೆ ಮತ್ತು ದುಡ್ಡು ಎರಡೂ ಇದ್ದರೆ ಹೋಗಿ ಬರುವ ಪೂರ್ತಿ ಪ್ರಯಾಣ ಮಾಡಿ. ಇಲ್ಲದಿದ್ದರೆ ಮೂರು ದಾರಿಗಳಿವೆ.

ಬರ್ಗೆನ್‌ನಿಂದ ಕಿರ್ಕೆನೆಸ್: 6 ರಾತ್ರಿ. ಟ್ರೊಮ್ಸೊ, ನಾರ್ತ್ ಕೇಪ್ ಎರಡಕ್ಕೂ ಹಗಲಿನಲ್ಲಿ ಸಮಯ ಸಿಗುತ್ತದೆ.

ಕಿರ್ಕೆನೆಸ್‌ನಿಂದ ಬರ್ಗೆನ್: 5 ರಾತ್ರಿ. ಹೆಚ್ಚಿನವರು ಇದನ್ನು 'ವಾಪಸು ಬರುವ ದಾರಿ ತಾನೇ' ಎಂದು ಬಿಟ್ಟುಬಿಡುತ್ತಾರೆ. ನನಗೆ ಇಡೀ ಪ್ರಯಾಣದಲ್ಲಿ ಅತ್ಯಂತ ಇಷ್ಟವಾದ ಎರಡು ದಿನಗಳು ಇರುವುದು ಇದರಲ್ಲೇ. ಏಕೆಂದು ಆರನೆಯ ಹಂತದಲ್ಲಿ ಹೇಳುತ್ತೇನೆ. ಆದರೆ ಈ ದಿಕ್ಕಿನಲ್ಲಿ ಟ್ರೊಮ್ಸೊ ಬರುವುದು ನಡುರಾತ್ರಿಗೆ, ನಾರ್ತ್ ಕೇಪ್ ಹತ್ತಿರದ ಬಂದರು ಬೆಳಗಿನ ಜಾವಕ್ಕೆ, ಅದೂ ಗಳಿಗೆ ಹೊತ್ತು.

ಬರ್ಗೆನ್‌ನಿಂದ ಟ್ರೊಮ್ಸೊ: 4 ರಾತ್ರಿ. ಅಲ್ಲಿಂದ ವಿಮಾನದಲ್ಲಿ ಓಸ್ಲೊ. ಹತ್ತು ದಿನದ ರಜೆಯಲ್ಲಿ ಬೆಂಗಳೂರಿನಿಂದ ಹೋಗಿಬರುವವರಿಗೆ ಇದು ಸರಿಯಾಗುತ್ತದೆ.

4. ವೀಸಾ

ನಾರ್ವೆ ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಆದರೆ ಷೆಂಗೆನ್ ವಲಯದಲ್ಲಿದೆ. ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ 29 ಯುರೋಪಿಯನ್ ದೇಶಗಳ ಒಪ್ಪಂದ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಈ ವೀಸಾ ಬೇಕು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮುಂಚೆ ಎಂಬ ನಿಯಮವಿದ್ದರೂ ಅಷ್ಟು ತಡಮಾಡಬೇಡಿ. ಬೇಸಿಗೆಯ ಪ್ರಯಾಣವಾದರೆ ಅರ್ಜಿ ಸಲ್ಲಿಸುವ ದಿನಾಂಕ ಸಿಗುವುದೇ ಕಷ್ಟ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ಷೆಂಗೆನ್‌ನಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್‌ಗೆ ಮೂರು ತಿಂಗಳ ಅವಧಿ ಉಳಿದಿರಬೇಕು.

ಎಡವುವ ಜಾಗಗಳು ಇವು. ವಿಮಾನ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುತ್ತದೆಂದು ಜರ್ಮನಿಗೆ ಅರ್ಜಿ ಹಾಕುವುದು ತಪ್ಪು. ಹೆಚ್ಚು ದಿನ ಇರುವುದು ಎಲ್ಲಿಯೋ ಆ ದೇಶಕ್ಕೆ, ಅಂದರೆ ನಾರ್ವೆಗೆ ಹಾಕಬೇಕು. ವೀಸಾ ಕೈಗೆ ಬರುವ ಮುಂಚೆ ಹಣ ವಾಪಸಾಗದ ಹಡಗಿನ ಟಿಕೆಟ್ ಕೊಳ್ಳಬೇಡಿ. ಮಧ್ಯೆ ಲಂಡನ್‌ಗೆ ಹೋಗಿ ಮತ್ತೆ ನಾರ್ವೆಗೆ ಮರಳುವ ಯೋಜನೆ ಇದ್ದರೆ ಒಂದೇ ಪ್ರವೇಶದ ವೀಸಾ ಸಾಲದು. ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ವೀಡನ್‌ಗಳಲ್ಲಿ ನಿವಾಸ ಪರವಾನಗಿ ಪಡೆದು ನೆಲೆಸಿರುವ ಕನ್ನಡಿಗರಿಗೆ ಬೇರೆ ವೀಸಾ ಬೇಡ. ಬ್ರಿಟನ್‌ನಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರಿಗೆ ಬೇಕು.

5. ಕ್ಯಾಬಿನ್, ಊಟ, ಬಟ್ಟೆ

ಕಿಟಕಿಯಿಲ್ಲದ ಒಳ ಕ್ಯಾಬಿನ್ ಅಗ್ಗ. ದುಡ್ಡು ಉಳಿಸಬೇಕೆಂದರೆ ಅದನ್ನೇ ತೆಗೆದುಕೊಳ್ಳಿ, ಹಿಂಜರಿಯಬೇಡಿ. ಹಗಲೆಲ್ಲ ನೀವು ಇರುವುದು ಮೇಲಿನ ಗಾಜಿನ ಹಜಾರದಲ್ಲಿ ಅಥವಾ ಡೆಕ್‌ನಲ್ಲಿ. ಸೂರ್ಯ ಮುಳುಗದ ಜೂನ್‌ನಲ್ಲಂತೂ ಕತ್ತಲೆಯ ಕ್ಯಾಬಿನ್‌ನಲ್ಲೇ ನಿದ್ದೆ ಚೆನ್ನಾಗಿ ಬರುತ್ತದೆ. ಕಿಟಕಿ ಬೇಕೆನ್ನುವವರು 'ಸೀಮಿತ ನೋಟ' ಎಂಬ ಪದ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಕಿಟಕಿಯ ಮುಂದೆ ಜೀವರಕ್ಷಕ ದೋಣಿ ನೇತಾಡುತ್ತಿರುತ್ತದೆ ಎಂದರ್ಥ. ತಲೆಸುತ್ತು ಬರುವವರು ಹಡಗಿನ ನಡುಭಾಗದ ಕೆಳ ಅಂತಸ್ತನ್ನು ಕೇಳಿ ಪಡೆಯಿರಿ. ಮೂತಿಯ ಹತ್ತಿರದ ಕ್ಯಾಬಿನ್ ಬೇಡ. ಹಡಗನ್ನು ಧಕ್ಕೆಗೆ ಅಡ್ಡಡ್ಡ ಸರಿಸುವ ತಿರುಗಣೆಗಳು ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಗುಡುಗಿದಂತೆ ಸದ್ದು ಮಾಡುತ್ತವೆ.

ಸಸ್ಯಾಹಾರಿಗಳೇ, ಬುಕಿಂಗ್ ಮಾಡುವಾಗಲೇ ಹೇಳಿ, ಹತ್ತಿದ ದಿನ ಮತ್ತೊಮ್ಮೆ ಹೇಳಿ. ಊಟ ಸಿಗುತ್ತದೆ, ಉಪವಾಸ ಬೀಳುವುದಿಲ್ಲ. ಆದರೆ ತರಕಾರಿ ಸೂಪ್ ಎಂದು ಬಡಿಸಿದ್ದಕ್ಕೂ ಮೀನಿನ ಅಥವಾ ಮಾಂಸದ ರಸ ಬಳಸಿರಬಹುದು. 'ಇದರಲ್ಲಿ ಮೀನಿದೆಯೇ' ಎಂದಷ್ಟೇ ಕೇಳಿದರೆ ಸಾಲದು, 'ಯಾವ ರಸದಿಂದ ಮಾಡಿದ್ದು' ಎಂದು ಕೇಳಬೇಕು. ಬೆಳಗಿನ ತಿಂಡಿಗೆ ಕಂದು ಬಣ್ಣದ ಚೀಸ್ ಇರುತ್ತದೆ, 'ಬ್ರೂನೊಸ್ಟ್' ಅಂತ. ಹಾಲೊಡೆದ ನೀರನ್ನು ಗಂಟೆಗಟ್ಟಲೆ ಕುದಿಸಿ ಇಂಗಿಸಿ ಮಾಡುವಂಥದ್ದು. ತೆಳ್ಳಗೆ ಹೆರೆದು ಬ್ರೆಡ್ ಮೇಲಿಟ್ಟುಕೊಂಡು ತಿಂದರೆ, ತಳಹಿಡಿಯುವ ಮೊದಲಿನ ಖೋವಾದ ರುಚಿ ಬರುತ್ತದೆ.

ಮನೆಯಿಂದ ಚಟ್ನಿಪುಡಿ, ಕೋಡುಬಳೆ, ಒಣ ಗೊಜ್ಜವಲಕ್ಕಿ ಒಯ್ಯಬಹುದು. ಹಾಲಿನ ಉತ್ಪನ್ನಗಳು ಮತ್ತು ಮಾಂಸವನ್ನು ಭಾರತದಿಂದ ನಾರ್ವೆಯೊಳಗೆ ತರುವಂತಿಲ್ಲ. ಪೇಡ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಕ್ಯಾಬಿನ್‌ನಲ್ಲಿ ಸ್ವಂತ ಕೆಟಲ್ ಹಚ್ಚಬೇಡಿ, ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ. ಬಿಸಿನೀರನ್ನು ಕೆಫೆಯಲ್ಲಿ ಕೇಳಿ ಪಡೆಯಿರಿ.

ಒಂದು ದಪ್ಪ ಕೋಟಿನ ಬದಲು ಮೂರು ಪದರದ ಬಟ್ಟೆ: ಒಳಗೆ ಮೈಗಂಟುವ ಉಣ್ಣೆ, ನಡುವೆ ಸ್ವೆಟರ್, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್. ಒಳಗಿನದು ಹತ್ತಿಯದಾದರೆ ಬೆವರಿಗೆ ಒದ್ದೆಯಾಗಿ ಅಲ್ಲೇ ತಣ್ಣಗಾಗುತ್ತದೆ. ಜುಲೈನಲ್ಲೂ ನಾರ್ತ್ ಕೇಪ್‌ನಲ್ಲಿ ಟೋಪಿ, ಕೈಗವಸು ಬೇಕು. ಚಳಿಗಾಲದಲ್ಲಿ ಶೂ ಕೆಳಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಕಡ್ಡಾಯವೆಂದೇ ತಿಳಿಯಿರಿ. ಅಲ್ಲಿನ ಅಂಗಡಿಗಳಲ್ಲಿ 'ಬ್ರೊಡ್ಡರ್' ಎಂದರೆ ಕೊಡುತ್ತಾರೆ. ಹೆಪ್ಪುಗಟ್ಟಿದ ಧಕ್ಕೆಯ ಮೇಲೆ ಜಾರಿ ಕೈ ಮುರಿದುಕೊಂಡರೆ ಪ್ರವಾಸ ಅಲ್ಲಿಗೇ ಮುಗಿಯಿತು.

6. ಬಂದರಿನಿಂದ ಬಂದರಿಗೆ

ಮೊದಲ ದಿನ, ಬರ್ಗೆನ್. ಹಡಗು ಹೊರಡುವುದು ರಾತ್ರಿ ಎಂಟೂವರೆಯ ಹೊತ್ತಿಗೆ. ಅದೇ ದಿನ ಭಾರತದಿಂದ ಬಂದಿಳಿಯುವ ಧೈರ್ಯ ಮಾಡಬೇಡಿ. ಒಂದು ವಿಮಾನ ತಪ್ಪಿದರೂ ಹಡಗು ಕಾಯುವುದಿಲ್ಲ. ಒಂದು ದಿನ ಮುಂಚೆ ಬಂದು ಬ್ರಿಗ್ಗೆನ್‌ನ ಹಳೆಯ ಮರದ ಮನೆಗಳ ಸಾಲನ್ನು ನೋಡಿ.

ಎರಡನೆಯ ದಿನ, ಓಲೆಸುಂಡ್. 1904ರ ಜನವರಿ 23ರ ರಾತ್ರಿ ಬೆಂಕಿಗೆ ಊರಿಗೆ ಊರೇ ಉರಿದು, ಸುಮಾರು ಹತ್ತು ಸಾವಿರ ಜನ ಮನೆ ಕಳೆದುಕೊಂಡರು. ಮೂರ್ನಾಲ್ಕು ವರ್ಷಗಳಲ್ಲಿ ಕಲ್ಲು ಇಟ್ಟಿಗೆಯಲ್ಲಿ ಮತ್ತೆ ಕಟ್ಟಿದರು. ಅದಕ್ಕೇ ಇಡೀ ಊರು ಒಂದೇ ಶೈಲಿಯಲ್ಲಿದೆ. ಅಕ್ಸ್ಲಾ ಗುಡ್ಡದ 418 ಮೆಟ್ಟಿಲು ಹತ್ತಿದರೆ ಪೂರ್ತಿ ಕಾಣುತ್ತದೆ.

ಮೂರನೆಯ ದಿನ, ಟ್ರಾಂಡ್‌ಹೈಮ್. ನಿದಾರೊಸ್ ಕ್ಯಾಥೆಡ್ರಲ್‌ಗೆ ಧಕ್ಕೆಯಿಂದ ನಡೆದರೆ ಅರ್ಧ ಗಂಟೆ. ಹೋಗಿಬರುವ ಒಂದು ಗಂಟೆ ಕಳೆದು ಉಳಿಯುವುದೆಷ್ಟೆಂದು ಮೊದಲೇ ಲೆಕ್ಕ ಹಾಕಿ.

ನಾಲ್ಕನೆಯ ದಿನ ಬೆಳಿಗ್ಗೆ ಬೇಗ ಎದ್ದು ಡೆಕ್‌ಗೆ ಬನ್ನಿ. ಪುಟ್ಟ ದ್ವೀಪವೊಂದರ ಮೇಲೆ ಲೋಹದ ಗ್ಲೋಬ್ ಕಾಣುತ್ತದೆ, ಅದೇ ಆರ್ಕ್ಟಿಕ್ ವೃತ್ತದ ಗುರುತು. ಆಮೇಲೆ ಕುತ್ತಿಗೆಯ ಹಿಂದೆ ಒಂದು ಸೌಟು ಐಸ್ ನೀರು ಹುಯ್ಯುವ ಸಂಪ್ರದಾಯವಿದೆ. ಬರುವಾಗ ಇದೇ ವೃತ್ತ ದಾಟುವಾಗ ಒಂದು ಚಮಚ ಕಾಡ್ ಮೀನಿನ ಎಣ್ಣೆ ಕುಡಿಸುತ್ತಾರೆ. ಸಸ್ಯಾಹಾರಿಗಳು ಬೇಡವೆನ್ನಬಹುದು, ಯಾರೂ ಬೇಸರಪಡುವುದಿಲ್ಲ. ಮಧ್ಯಾಹ್ನ ಬೂಡೊ. ಅಲ್ಲಿಂದ ಮುಂದೆ ವೆಸ್ಟ್‌ಫ್ಯೋರ್ಡ್ ಎಂಬ ತೆರೆದ ಕಡಲು ದಾಟಿದರೆ ಲೊಫೊಟೆನ್ ದ್ವೀಪಗಳು ಗರಗಸದ ಹಲ್ಲಿನಂತೆ ಏಳುತ್ತವೆ. ಫೆಬ್ರವರಿಯಿಂದ ಬೇಸಿಗೆಯ ಮೊದಲವರೆಗೆ ದಂಡೆಯಲ್ಲಿ ಮರದ ಅಟ್ಟಣೆಗಳ ಮೇಲೆ ಕಾಡ್ ಮೀನುಗಳನ್ನು ಬಾಲ ಕಟ್ಟಿ ಜೋಡಿಯಾಗಿ ನೇತುಹಾಕಿರುತ್ತಾರೆ. ನಮ್ಮ ಮಲ್ಪೆ, ಕಾರವಾರದ ಒಣಮೀನಿಗೆ ಉಪ್ಪು ಬೇಕು, ಬಿಸಿಲು ಬೇಕು. ಇಲ್ಲಿ ಎರಡೂ ಇಲ್ಲ. ಹೆಪ್ಪುಗಟ್ಟುವ ಮಟ್ಟದ ಚಳಿ ಮತ್ತು ಗಾಳಿಯೇ ಒಣಗಿಸುತ್ತವೆ.

ಐದನೆಯ ದಿನ ಟ್ರೊಮ್ಸೊ, ಸುಮಾರು ನಾಲ್ಕು ಗಂಟೆ. ಸೇತುವೆ ದಾಟಿ ಆರ್ಕ್ಟಿಕ್ ಕ್ಯಾಥೆಡ್ರಲ್, ಅಲ್ಲಿಂದ ಕೇಬಲ್ ಕಾರ್: ಎರಡನ್ನೂ ನೋಡಬಹುದು, ನಡೆಯುವ ಬದಲು ಬಸ್ಸು ಹಿಡಿದರೆ.

ಆರನೆಯ ದಿನ ಹೊನ್ನಿಂಗ್ಸ್‌ವೋಗ್. ನಾರ್ತ್ ಕೇಪ್‌ಗೆ ಇಲ್ಲಿಂದ ಬಸ್ಸಿನಲ್ಲಿ ಸುಮಾರು 34 ಕಿಲೋಮೀಟರ್. 307 ಮೀಟರ್ ಎತ್ತರದ ಬಂಡೆಯಂಚು, ಮುಂದೆ ಬರೀ ಕಡಲು. ಇದಕ್ಕೆ ಮಾತ್ರ ಹಡಗಿನವರ ಬಸ್ಸನ್ನೇ ಬುಕ್ ಮಾಡಿ. ಸ್ವಂತವಾಗಿ ಹೋಗಿ ರಸ್ತೆಯಲ್ಲಿ ಹಿಮ ಬಿದ್ದು ಸಿಕ್ಕಿಕೊಂಡರೆ ಹಡಗು ಕಾಯುವುದಿಲ್ಲ. ಊರಿನ ಬಿಳಿ ಚರ್ಚ್ ಮುಂದೆ ಒಂದು ನಿಮಿಷ ನಿಲ್ಲಿ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಫಿನ್‌ಮಾರ್ಕ್ ಪ್ರಾಂತ್ಯದ ಊರುಗಳನ್ನು ಸುಟ್ಟುಹಾಕಿತು. ಇಲ್ಲಿ ಉಳಿದದ್ದು ಆ ಚರ್ಚ್ ಒಂದೇ. ಈ ಭಾಗದ ಬಂದರುಗಳಲ್ಲಿ ಹಳೆಯ ಕಟ್ಟಡ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದೇ.

ಏಳನೆಯ ದಿನ ಬೆಳಿಗ್ಗೆ ಕಿರ್ಕೆನೆಸ್. ಬೀದಿಯ ಹೆಸರುಗಳು ನಾರ್ವೇಜಿಯನ್ ಜೊತೆಗೆ ರಷ್ಯನ್‌ನಲ್ಲೂ ಇವೆ. ಗಡಿ ನೋಡಲು ಹೋದವರು ಕಂಬಗಳ ಆಚೆ ಕಾಲಿಡುವುದಿರಲಿ, ಕೈಯನ್ನೂ ಚಾಚಬೇಡಿ. ಅದು ಅಪರಾಧ, ದಂಡವಿದೆ.

ಇನ್ನು ಮರಳುವ ದಾರಿ. ಸಣ್ಣ ಊರುಗಳ ಹತ್ತು ಹದಿನೈದು ನಿಮಿಷದ ನಿಲುಗಡೆಗಳನ್ನು ವ್ಯರ್ಥವೆನ್ನಬೇಡಿ. ಕೆಳಗಿನ ಡೆಕ್‌ನ ಪಕ್ಕದ ಬಾಗಿಲು ತೆರೆಯುವಾಗ ಮೇಲಿನಿಂದ ಬಗ್ಗಿ ನೋಡಿ. ಬೆರ್ಲೆವೋಗ್‌ನಲ್ಲಿ ನಾನು ನೋಡಿದ ದಿನ ಫೋರ್ಕ್‌ಲಿಫ್ಟ್ ಮೊದಲು ಒಂದು ವಾಷಿಂಗ್ ಮಷಿನ್ ಇಳಿಸಿತು, ಆಮೇಲೆ ಪ್ಲಾಸ್ಟಿಕ್ ಸುತ್ತಿದ ಬಾಳೆಹಣ್ಣಿನ ಪೆಟ್ಟಿಗೆಗಳು. ಹಿಮ ಬೀಳುತ್ತಿತ್ತು. ಧಕ್ಕೆಯ ಮೇಲೆ ಕಾಯುತ್ತಿದ್ದ ಹೆಂಗಸು ಆ ಮಷಿನ್ ಮೇಲಿನ ಹಿಮವನ್ನು ಕೈಗವಸಿನಿಂದ ಒರೆಸಿದಳು. ಹಡಗು ಯಾರಿಗಾಗಿ ಓಡುತ್ತದೆ ಎಂಬುದು ಆಗ ಕಣ್ಣೆದುರಿಗೇ ಇತ್ತು.

ಒಂಬತ್ತನೆಯ ದಿನಕ್ಕೆ ಕ್ಯಾಮೆರಾ ಬ್ಯಾಟರಿ ತುಂಬಿಸಿಟ್ಟುಕೊಳ್ಳಿ. ಬೆಳಿಗ್ಗೆ ಹಾರ್‌ಸ್ಟಾಡ್ ಬಿಟ್ಟ ಮೇಲೆ ರಿಸೊಯ್ ಕಾಲುವೆ. ಆಳವಿಲ್ಲದ ಮರಳಿನ ಕಡಲನ್ನು ಹಡಗಿಗಾಗಿ ತೋಡಿ 1922ರಲ್ಲಿ ತೆರೆದದ್ದು, ಎರಡೂ ಬದಿಯ ನೀರು ತಿಳಿಹಸಿರು. ಮಧ್ಯಾಹ್ನ ಸ್ಟೊಕ್‌ಮಾರ್ಕ್‌ನೆಸ್, 1956ರ 'ಫಿನ್‌ಮಾರ್ಕೆನ್' ಹಡಗನ್ನು ಇಡಿಯಾಗಿ ಗಾಜಿನ ಕಟ್ಟಡದೊಳಗೆ ಇಟ್ಟಿರುವ ಮ್ಯೂಸಿಯಂ ಧಕ್ಕೆಯ ಪಕ್ಕದಲ್ಲೇ ಇದೆ. ಸಂಜೆ ರಾಫ್ಟ್‌ಸುಂಡ್ ಎಂಬ ಇಕ್ಕಟ್ಟಾದ ಜಲಸಂಧಿಯಲ್ಲಿ ಬೆಟ್ಟಗಳು ಎರಡೂ ಬದಿ ಹತ್ತಿರ ಹತ್ತಿರ ಬರುತ್ತವೆ. ಹತ್ತನೆಯ ದಿನ ನಡುಹಗಲಿಗೆ 'ಸಪ್ತ ಸೋದರಿಯರು' ಎಂಬ ಏಳು ಶಿಖರಗಳ ಸಾಲು, ಸಂಜೆಯ ಹೊತ್ತಿಗೆ ನಡುವೆ ಆರಪಾರ ರಂಧ್ರವಿರುವ ಟೊರ್ಗ್‌ಹಟ್ಟೆನ್ ಬೆಟ್ಟ. ಉತ್ತರಕ್ಕೆ ಹೋಗುವಾಗ ಇವನ್ನೆಲ್ಲ ಹಡಗು ರಾತ್ರಿ ಹೊತ್ತು ದಾಟುತ್ತದೆ. ಮರಳುವ ದಾರಿಯನ್ನು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಡಿಸೆಂಬರ್‌ನಲ್ಲಿ ಮಾತ್ರ ರಾಫ್ಟ್‌ಸುಂಡ್ ಕತ್ತಲಲ್ಲಿ ಕಳೆದುಹೋಗುತ್ತದೆ.

7. ಹಡಗಿನಲ್ಲಿರುವಾಗ ನೆನಪಿಡಬೇಕಾದ್ದು

ಇಳಿಯುವಾಗ ಗ್ಯಾಂಗ್‌ವೇ ಹತ್ತಿರ, ಅಂದರೆ ಹಡಗಿಗೂ ಧಕ್ಕೆಗೂ ನಡುವಿನ ಹಾದಿಯ ಬಳಿ, ಹೊರಡುವ ಸಮಯದ ಫಲಕ ಇರುತ್ತದೆ. ಹಡಗು ತಡವಾಗಿ ಬಂದರೆ ನಿಲ್ಲುವ ಅವಧಿಯನ್ನೇ ಕಡಿತ ಮಾಡುತ್ತಾರೆ, ಆದ್ದರಿಂದ ಮುದ್ರಿತ ವೇಳಾಪಟ್ಟಿ ನಂಬದೆ ಫಲಕದ ಫೋಟೊ ತೆಗೆದುಕೊಳ್ಳಿ. ಕ್ಯಾಬಿನ್ ಕಾರ್ಡ್, ಪಾಸ್‌ಪೋರ್ಟ್, ಬ್ಯಾಂಕ್ ಕಾರ್ಡ್, ಅಗತ್ಯದ ಮಾತ್ರೆ ಸದಾ ಜೇಬಿನಲ್ಲಿರಲಿ. ಹಡಗು ತಪ್ಪಿದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಹಿಡಿಯಬೇಕು. ಮರುದಿನದ ಹಡಗಿನಲ್ಲಿ ನಿಮ್ಮ ಕ್ಯಾಬಿನ್ ಇರುವುದಿಲ್ಲ.

ಹೆಚ್ಚಿನ ದಾರಿ ದ್ವೀಪಗಳ ಮರೆಯಲ್ಲೇ ಸಾಗುತ್ತದೆ. ಅಲೆಗೆ ಸಿಗುವುದು ಕೆಲವೇ ಕಡೆ: ಮೊಲೊಯ್ ದಾಟಿದ ಮೇಲಿನ ಸ್ಟಾಡ್ ಭೂಶಿರ, ಮೊಲ್ಡೆ ನಂತರದ ಹುಸ್ಟಾಡ್‌ವಿಕಾ, ವೆಸ್ಟ್‌ಫ್ಯೋರ್ಡ್, ಹೊನ್ನಿಂಗ್ಸ್‌ವೋಗ್‌ನಿಂದ ಪೂರ್ವದ ದಂಡೆ. ಓಕರಿಕೆಯ ಮಾತ್ರೆಯನ್ನು ಅಲ್ಲಿಗೆ ತಲುಪುವ ಒಂದು ಗಂಟೆ ಮುಂಚೆಯೇ ನುಂಗಿ. ವಾಂತಿ ಶುರುವಾದ ಮೇಲೆ ನುಂಗಿದ್ದು ನಿಲ್ಲುವುದಿಲ್ಲ. ಈ ಮಾರ್ಗದ ಹಡಗುಗಳಲ್ಲಿ ವೈದ್ಯರಿರುವುದಿಲ್ಲ. ಹೃದಯ ಅಥವಾ ಸಕ್ಕರೆ ಕಾಯಿಲೆಯ ಹಿರಿಯರನ್ನು ಕರೆದೊಯ್ಯುವವರು ಔಷಧಿಯನ್ನು ವೈದ್ಯರ ಚೀಟಿಯೊಂದಿಗೆ ಒಂದು ವಾರಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಿ. ದಡದಲ್ಲಿದ್ದಾಗ ಆಂಬುಲೆನ್ಸ್‌ಗೆ 113.

ಅರೋರಾ ಕಂಡರೆ ಧ್ವನಿವರ್ಧಕದಲ್ಲಿ ಹೇಳುತ್ತಾರೆ. ಬಟ್ಟೆ ಹುಡುಕುವಷ್ಟರಲ್ಲಿ ಅದು ಮಾಯವಾಗಿರಬಹುದು, ಜಾಕೆಟ್ ಮತ್ತು ಶೂ ಬಾಗಿಲ ಬಳಿಯೇ ಇರಲಿ. ಡೆಕ್‌ನ ದೀಪಗಳಿಂದ ದೂರ ನಿಂತು ಕಣ್ಣಿಗೆ ಹತ್ತು ನಿಮಿಷ ಕೊಡಿ. ಮೊದಲು ಅದು ಬೂದು ಮೋಡದ ಎಳೆಯಂತೆಯೇ ಕಾಣುತ್ತದೆ. ಹಡಗು ಅಲುಗುವುದರಿಂದ ದೀರ್ಘ ಎಕ್ಸ್‌ಪೋಷರ್ ಫೋಟೊ ಕಲಸಿಹೋಗುತ್ತದೆ, ಎರಡು ಮೂರು ಸೆಕೆಂಡು ಸಾಕು.

ನಗದು ಹೆಚ್ಚು ಬೇಡ, ಕಾಫಿ ಕುಡಿದರೂ ಕಾರ್ಡ್ ನಡೆಯುತ್ತದೆ. ನಲ್ಲಿ ನೀರು ಕುಡಿಯಬಹುದು. ಪ್ಲಗ್ ಎರಡು ಕಡ್ಡಿಯ ದುಂಡನೆಯದು. ನಮ್ಮ ಮೂರು ಪಿನ್ನಿನ ಚಾರ್ಜರ್‌ಗೆ ಅಡಾಪ್ಟರ್ ಬೇಕು.

ಹನ್ನೆರಡನೆಯ ದಿನ ಬೆಳಿಗ್ಗೆಯೇ ಕ್ಯಾಬಿನ್ ಖಾಲಿ ಮಾಡಿಸುತ್ತಾರೆ, ಬರ್ಗೆನ್ ತಲುಪುವುದು ಮಧ್ಯಾಹ್ನ ಮೂರರ ಹೊತ್ತಿಗೆ. ಹವೆ ಕೆಟ್ಟರೆ ಇನ್ನೂ ತಡ. ಆ ದಿನ ಸಂಜೆಯ ವಿಮಾನ ಬೇಡ, ಮರುದಿನದ್ದು ಹಿಡಿಯಿರಿ. ಇಲ್ಲವೇ ಮರುದಿನ ಬೆಳಗಿನ ರೈಲಿನಲ್ಲಿ ಓಸ್ಲೊಗೆ ಹೋಗಿ. ಏಳು ಗಂಟೆಯ ಆ ದಾರಿ 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣವನ್ನು ಹಾದುಹೋಗುತ್ತದೆ. ಸೀಟನ್ನು ಮುಂಗಡ ಕಾಯ್ದಿರಿಸಿಕೊಂಡಿರಿ.